ಕಲ್ಲಿಗೆ ಮೂರು ಕಾಲು

ಕೆಳಗಿನ ಮನೆಯವರು ಬಾಗಿಲು ಬಡಿದಾಗ ರಾತ್ರಿ ಎರಡೂಮುಕ್ಕಾಲು. ಮಿಚಾಂಗ್ ಚಂಡಮಾರುತದ ಮಳೆ ಚೆನ್ನೈಯನ್ನು ಮುಳುಗಿಸಿ ಹೋಗಿ ಇನ್ನೂ ತಿಂಗಳಾಗಿರಲಿಲ್ಲ. 2023ರ ಆ ಡಿಸೆಂಬರಿನಲ್ಲಿ ರಾತ್ರಿ ಯಾರಾದರೂ ಬಾಗಿಲು ಬಡಿದರೆ ಈ ಊರಿನವರಿಗೆ ಮೊದಲು ನೆನಪಾಗುತ್ತಿದ್ದುದು ನೀರು. ಕೆಳಗಿನ ಮನೆಯ ಮಾಮಿ ನೈಟಿಯ ಮೇಲೊಂದು ಟವೆಲ್ ಹೊದ್ದು ನಿಂತಿದ್ದರು. ಅವರ ದೇವರ ಕೋಣೆಯ ಸೀಲಿಂಗಿನಿಂದ ನೀರು ಇಳಿಯುತ್ತಿದೆಯಂತೆ. ಪೈಪ್ ಒಡೆದಿರಬೇಕು ಎಂದೆ. ಅವರು ತಲೆಯಲ್ಲಾಡಿಸಿ, ಬೆರಳನ್ನು ತುಟಿಗೆ ಮುಟ್ಟಿಸಿ ತೋರಿಸಿ, 'ಸಾರ್, ತಣ್ಣಿ ಉಪ್ಪಾ ಇರುಕ್ಕು' ಎಂದರು.

ಉಪ್ಪು ಎಂಬ ಮಾತು ಕೇಳಿದ್ದೇ ನನ್ನ ನಿದ್ದೆ ಹಾರಿಹೋಯಿತು. ಹಾಲಿನ ಲೈಟು ಹಾಕಿದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ನನ್ನ ಸಮುದ್ರ ನಾಲ್ಕು ಬೆರಳಿನಷ್ಟಕ್ಕೆ ಇಳಿದಿತ್ತು. ಕಲ್ಲಿನ ಗೋಪುರದ ನೆತ್ತಿಯ ಮೇಲೆ ಕೂರಿಸಿದ್ದ ದೊಡ್ಡ ಕಲ್ಲು ಉರುಳಿ ಮೂಲೆಯಲ್ಲಿ ಬಿದ್ದಿತ್ತು. ಬಿದ್ದಲ್ಲಿಂದ ಶುರುವಾದ ಬಿರುಕು ತಳದ ಗಾಜಿನುದ್ದಕ್ಕೂ ಕೂದಲೆಳೆಯ ಹಾಗೆ ಹೋಗಿತ್ತು. ಜೋಡಿ ಕ್ಲೌನ್ ಮೀನುಗಳು ಮಗ್ಗುಲಾಗಿ ಮಲಗಿ ಕಿವಿರು ಬಡಿಯುತ್ತಿದ್ದವು. ನೀಲಿ ಡ್ಯಾಮ್ಸೆಲ್ ಸತ್ತಿತ್ತು. ಸೋಫಾ ಕೆಳಗೆ, ಟಿವಿ ಸ್ಟ್ಯಾಂಡ್ ಕೆಳಗೆ, ಮಗನ ಶಾಲೆಯ ಚೀಲದ ಕೆಳಗೆ ನೂರೈವತ್ತು ಲೀಟರಿಗೂ ಹೆಚ್ಚು ಉಪ್ಪುನೀರು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ನಾನೇ ಅಳೆದು ಕರಗಿಸಿದ ಐದಾರು ಕಿಲೋ ಉಪ್ಪು ನೆಲದ ಮೇಲಿತ್ತು.

ಅಪ್ಪ ತನ್ನ ಕೋಣೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ. ನಾನು ಅವನತ್ತ ತಿರುಗಿ ಕೇಳಿದ ಮೊದಲ ಮಾತು, 'ಅಪ್ಪ, ನೀ ಮತ್ತೆ ಕೈ ಹಾಕಿದ್ಯಾ?'

ಕೇಳಿದೆ ಎನ್ನುವುದು ಸುಳ್ಳು. ಕೂಗಿದೆ. ಅದೂ ಕೆಳಗಿನ ಮನೆಯ ಮಾಮಿಯ ಎದುರು, ಹೆಂಡತಿಯ ಎದುರು, ಎದ್ದು ಬಂದಿದ್ದ ಹನ್ನೆರಡು ವರ್ಷದ ಮಗನ ಎದುರು. ಅಪ್ಪ ಏನೂ ಹೇಳಲಿಲ್ಲ. ಒಳಗೆ ಹೋಗಿ ತನ್ನ ಹಳೇ ಪಂಚೆ ತಂದು ನೀರು ಒರೆಸತೊಡಗಿದ.

ಈ ಹುಚ್ಚು ನನಗೆ ಹತ್ತಿದ್ದು ಲಾಕ್‌ಡೌನಿನಲ್ಲಿ. ಎಲ್ಲರೂ ಹುಳಿ ಹಿಟ್ಟಿನ ಬ್ರೆಡ್ಡು ಮಾಡುತ್ತಿದ್ದಾಗ ನಾನು ಮೀನು ಸಾಕಿದೆ. ಮೊದಲು ಸಿಹಿನೀರಿನ ಸಣ್ಣ ತೊಟ್ಟಿ, 2022ರ ಹೊತ್ತಿಗೆ ಉಪ್ಪುನೀರಿನ ದೊಡ್ಡ ತೊಟ್ಟಿ. ಸಿಹಿನೀರಿನವರು ಉಪ್ಪುನೀರಿಗೆ ಬರುವುದೆಂದರೆ ರಮ್ಮಿಯಿಂದ ಷೇರು ಮಾರುಕಟ್ಟೆಗೆ ಹೋದ ಹಾಗೆ, ಖರ್ಚಿಗೆ ಕೊನೆಯಿಲ್ಲ. ಚೆನ್ನೈ ಬೇಸಿಗೆಯಲ್ಲಿ ನೀರನ್ನು 26 ಡಿಗ್ರಿಯಲ್ಲಿಡಲು ಒಂದು ಚಿಲ್ಲರ್, ಕೊಳೆ ತೆಗೆಯಲು ಸ್ಕಿಮ್ಮರ್, ಅಲೆ ಎಬ್ಬಿಸಲು ಎರಡು ಪಂಪು. ಇವೆಲ್ಲಕ್ಕಿಂತ ಮುಖ್ಯವಾಗಿ ಬೇಕಾದ್ದು ಕಲ್ಲು.

ಲೈವ್ ರಾಕ್ ಎನ್ನುತ್ತಾರೆ. 'ಜೀವಂತ ಕಲ್ಲು' ಎಂದು ಕನ್ನಡ ಮಾಡಿದರೆ ಅಜ್ಜಿ ಕತೆಯ ಹೆಸರಿನ ಹಾಗೆ ಕೇಳುತ್ತದೆ. ವಿಷಯ ಸರಳ. ಮೀನು ಉಚ್ಚೆ ಹೊಯ್ದಾಗ, ತಿಂದುಳಿದದ್ದು ಕೊಳೆತಾಗ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ತೂತು ತೂತಾದ ಕಲ್ಲಿನ ಮೈಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ಕಲ್ಲಿನ ಆಳದಲ್ಲಿ ಆಮ್ಲಜನಕ ತಲುಪದ ಕಡೆ ಮತ್ತೊಂದು ಬಗೆಯವು ಕೂತು ನೈಟ್ರೇಟನ್ನು ಮುರಿದು ಸಾರಜನಕ ಮಾಡಿ ಗಾಳಿಗೆ ಬಿಡುತ್ತವೆ. ಅಂದರೆ ಕಲ್ಲೇ ಫಿಲ್ಟರು. 1961ರಲ್ಲೇ ಜಕಾರ್ತಾದ ಲೀ ಚಿನ್ ಎಂಗ್ ಎಂಬುವರು ಸಮುದ್ರದ ಕಲ್ಲು, ಸಮುದ್ರದ ನೀರು, ಸ್ವಲ್ಪ ಗಾಳಿಗುಳ್ಳೆ ಇಷ್ಟರಲ್ಲೇ ಮೀನು, ಹವಳ ಸಾಕಿ ಅದರ ಬಗ್ಗೆ ಬರೆದರು. ಆಮೇಲೆ ಬರ್ಲಿನ್ನಿನ ಹವ್ಯಾಸಿಗಳು ಕಲ್ಲಿನ ಜೊತೆಗೆ ಸ್ಕಿಮ್ಮರ್ ಸೇರಿಸಿದರು. ಕಲ್ಲಿನಲ್ಲಿ ಜೀವ ಇರುವುದು ಬಾಡಿಗೆದಾರರಿಂದ. ಒಣಗಿದ ಸೆರಾಮಿಕ್ ಕಲ್ಲಿಟ್ಟರೂ ಕೆಲವು ವಾರಗಳಲ್ಲಿ ಅವರು ಬಂದು ಸೇರುತ್ತಾರೆ.

ನಾನು ಕೊಂಡದ್ದೂ ಬಹುಪಾಲು ಸೆರಾಮಿಕ್ ಕಲ್ಲೇ. ಬಹುಪಾಲು ಎಂದೆ. ಒಂದು ಕಲ್ಲು ಮಾತ್ರ ಅಸಲಿ. ಹವ್ಯಾಸ ಬಿಡುತ್ತಿದ್ದ ಒಬ್ಬರು 'ಸಮುದ್ರದ್ದು, ಹಳೇದು, ಇಂಥದು ಈಗ ಸಿಗೋದಿಲ್ಲ' ಎಂದು ಕೊಟ್ಟದ್ದು. ನಾಲ್ಕು ಕಿಲೋ ತೂಕ, ನೇರಳೆ ಬಣ್ಣ, ಒಂದು ಮಗ್ಗುಲಲ್ಲಿ ಜೇನುಗೂಡಿನಂಥ ವಿನ್ಯಾಸ. ಯಾಕೆ ಈಗ ಸಿಗುವುದಿಲ್ಲ ಎಂದು ನಾನು ಕೇಳಲಿಲ್ಲ. ಕೇಳದಿರುವುದೂ ಒಂದು ಜಾಣತನವೇ. ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಅಭ್ಯಾಸ ಮಾಡಿದ್ದೇನೆ.

ಜೋಡಿಸಿದ್ದು ಹೇಗೆ ಎಂಬುದನ್ನು ಹೇಳಲೇಬೇಕು, ಯಾಕೆಂದರೆ ನಾನು ಎಂ.ಟೆಕ್. ಮಾಡಿದ್ದು ಸ್ಟ್ರಕ್ಚರಲ್ ಇಂಜಿನಿಯರಿಂಗಿನಲ್ಲಿ. ಬೀಮು, ಕಾಲಮ್ಮು, ತಳಪಾಯ ಓದಿ, ಐಟಿ ಕಂಪನಿ ಕ್ಯಾಂಪಸ್ಸಿಗೆ ಬಂದಾಗ ಅದರ ಬಸ್ಸು ಹತ್ತಿದವರ ತಲೆಮಾರು ನಮ್ಮದು. ಓದಿದ್ದನ್ನು ಜೀವನದಲ್ಲಿ ಒಮ್ಮೆಯಾದರೂ ಬಳಸುವ ಅವಕಾಶ ಸಿಕ್ಕಿತ್ತು. ನಾನು ಮೊದಲು ಮರಳು ಹಾಸಿ, ಅದರ ಮೇಲೆ ಕಲ್ಲು ಪೇರಿಸಿದೆ. ಮರಳಿನ ಮೇಲೆ. ಹಾಗೆ ಮಾಡಿದರೆ ಕಲ್ಲಿನ ಬುಡ ಚೆನ್ನಾಗಿ ಕಾಣುತ್ತದೆ, ಫೋಟೋ ಸುಂದರವಾಗಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಎಂಟು ಲೀಟರಿಗೆ ಒಂದು ಕಿಲೋ ಎಂಬ ಹಳೇ ಲೆಕ್ಕ ಹಿಡಿದು 24 ಕಿಲೋ ಕಲ್ಲನ್ನು ಹಿಂದಿನ ಗಾಜಿಗೆ ಒರಗಿಸಿ ಹಣ್ಣಿನಂಗಡಿಯ ಹಾಗೆ ಒಟ್ಟಿದೆ. ನೆತ್ತಿಗೆ ಅಸಲಿ ಕಲ್ಲು.

ಆಮೇಲೆ ಮಗನ ಹಟಕ್ಕೆ ಪಿಸ್ತೂಲ್ ಸೀಗಡಿ ಬಂತು, ಜೊತೆಗೆ ಅದರ ಗೆಳೆಯ ಗೋಬಿ ಮೀನು. ಸೀಗಡಿಗೆ ಕಣ್ಣು ಮಂಜು. ಅದು ಹಗಲೆಲ್ಲ ಮರಳು ತೋಡಿ ಬಿಲ ಮಾಡುತ್ತದೆ, ಗೋಬಿ ಬಿಲದ ಬಾಯಲ್ಲಿ ಕಾವಲು ಕೂರುತ್ತದೆ. ಸೀಗಡಿ ತನ್ನ ಮೀಸೆಯೊಂದನ್ನು ಸದಾ ಗೋಬಿಯ ಮೈಗೆ ತಾಗಿಸಿಕೊಂಡೇ ಹೊರಬರುತ್ತದೆ. ಅಪಾಯ ಕಂಡು ಗೋಬಿ ಬಾಲ ನಡುಗಿಸಿದರೆ ಇಬ್ಬರೂ ಒಳಗೆ. ಸೀಗಡಿ ತನ್ನ ದೊಡ್ಡ ಕೊಂಡಿಯನ್ನು ಮುಚ್ಚಿದಾಗ ಎದ್ದ ನೀರಿನ ಗುಳ್ಳೆ ಒಡೆದು 'ಠಕ್' ಎನ್ನುತ್ತದೆ, ಗಾಜು ಒಡೆದ ಹಾಗೆ. ಮೊದಲ ವಾರ ನಾವೆಲ್ಲ ಬೆಚ್ಚಿಬಿದ್ದೆವು, ಆಮೇಲೆ ರೂಢಿಯಾಯಿತು. ಡಿಸೆಂಬರಿನ ಆ ರಾತ್ರಿ ನನಗೂ ಹೆಂಡತಿಗೂ 'ಠಕ್' ಎಂದು ಕೇಳಿಸಿತ್ತು. ಸೀಗಡಿ ಎಂದುಕೊಂಡು ಮಗ್ಗುಲು ಬದಲಿಸಿದ್ದೆವು.

ಅಪ್ಪ ಬಂದದ್ದು ಆ ವರ್ಷದ ಜೂನಿನಲ್ಲಿ, ಅಮ್ಮ ಹೋಗಿ ಮೂರು ತಿಂಗಳಾದ ಮೇಲೆ. ಕುಮಟೆ ತಾಲೂಕಿನಲ್ಲಿ ಅಘನಾಶಿನಿ ಸಮುದ್ರ ಸೇರುವ ಕಡೆ ನಮ್ಮೂರು. ಅಲ್ಲಿ ಗಜನಿ ಎನ್ನುವ ಗದ್ದೆಗಳಿವೆ. ಉಬ್ಬರಕ್ಕೆ ಸಮುದ್ರದ ನೀರು ನದಿಯೊಳಗೆ ಏರಿ ಬರುವ ಜಾಗ, ಒಡ್ಡು ಕಟ್ಟಿ, ಜಂತ್ರಡಿಯ ಹಲಗೆ ಏರಿಸಿ ಇಳಿಸಿ ಉಪ್ಪುನೀರನ್ನು ಬೇಕಾದಾಗ ಒಳಬಿಟ್ಟು ಬೇಡವಾದಾಗ ತಡೆದು, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದರು. ಉಪ್ಪು ತಾಳುವ ಭತ್ತ ಅದು. ಬೆಳೆ ಇಲ್ಲದಾಗ ಅದೇ ಗದ್ದೆಯಲ್ಲಿ ಮೀನು, ಶೆಟ್ಲಿ. ಅಪ್ಪ ನಲವತ್ತು ವರ್ಷ ಆ ಒಡ್ಡಿನ ಮೇಲೆ ಓಡಾಡಿದವನು. ಅಂಥವನಿಗೆ ಮೂರನೇ ಮಹಡಿಯ ನನ್ನ ಸಮುದ್ರ ಕಂಡು ನಗು ಬಂತು. ರಿಫ್ರಾಕ್ಟೋಮೀಟರಿಗೆ ಕಣ್ಣಿಟ್ಟು ಉಪ್ಪಿನಂಶ ನೋಡುತ್ತಿದ್ದಾಗ ಬೆರಳದ್ದಿ ನೆಕ್ಕಿ, 'ಸಮಾ ಇದ್ದು, ಬರ್ಕ' ಎಂದ. ಗೋಬಿ ತೋರಿಸಿದರೆ, 'ಇದ್ರದ್ದು ಸಾರಿಗೆ ಸಾಲುದಿಲ್ಲ' ಎಂದ.

ಅಷ್ಟರಲ್ಲೇ ಅವನಿಗೆ ಈ ಊರಿನ ಕೆಲಸ ಮುಗಿದಿತ್ತು. ಭಾಷೆ ಬಾರದು, ಕೆಳಗಿಳಿದರೆ ಲಿಫ್ಟಿನ ಗುಂಡಿ ಗೊತ್ತಾಗದು, ಟಿವಿ ಬೇಡ. ದಿನವಿಡೀ ತೊಟ್ಟಿಯ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುತ್ತಿದ್ದ. ಮಿಚಾಂಗ್ ಬಂದು ಎರಡು ದಿನ ಕರೆಂಟು ಹೋದಾಗ, ಬ್ಯಾಟರಿ ಪಂಪು ಕೈಕೊಟ್ಟ ಮೇಲೆ ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಸುರಿದು ಸುರಿದು ಮೀನು ಉಳಿಸಿದ್ದು ಅವನೇ. ಅಲ್ಲಿಂದ ಮುಂದೆ ತೊಟ್ಟಿಗೆ ಕೈಹಾಕುವ ಹಕ್ಕು ತನಗೂ ಇದೆ ಎಂದುಕೊಂಡ ಎಂದು ತೋರುತ್ತದೆ. ಒಂದು ದಿನ ನೀರಿನ ಮೇಲೆ ಎಣ್ಣೆಯ ಪೊರೆ ಕಂಡು ವಿಚಾರಿಸಿದೆ. ಅಪ್ಪ ಸ್ನಾನಕ್ಕೆ ಮುಂಚೆ ಮೈಗೆ ತೆಂಗಿನೆಣ್ಣೆ ಹಚ್ಚುತ್ತಾನೆ. 'ಇನ್ಮೇಲೆ ಕೈ ಹಾಕಬೇಡ' ಎಂದೆ. ಕಲ್ಲು ಬೀಳುವ ಮೂರು ದಿನ ಮುಂಚಿನ ಮಾತು ಅದು.

ಬೆಳಗಾದ ಮೇಲೆ ಕಚೇರಿಗೆ ರಜೆ ಹೇಳಿ ತೊಟ್ಟಿ ಖಾಲಿ ಮಾಡಲು ಕೂತೆ. ಬದುಕಿದ ಮೀನುಗಳೂ ಒದ್ದೆ ಮರಳಿನಲ್ಲಿ ಹುದುಗಿದ್ದ ಸೀಗಡಿಯೂ ನೀಲಿ ಡ್ರಮ್ಮಿನಲ್ಲಿದ್ದವು. ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಇನ್ನೊಂದು ಡ್ರಮ್ಮಿಗೆ ಹಾಕುತ್ತಿದ್ದೆ. ಎಡಗಡೆಯ ಬುಡದ ಕಲ್ಲೆತ್ತಿದಾಗ ಕೆಳಗೆ ಗುಹೆ. ಸೀಗಡಿ ತೋಡಿದ ಸುರಂಗ ನೇರ ಗಾಜಿನ ತನಕ ಇಳಿದಿತ್ತು. ಆ ಗುಹೆಯ ಅಂಚಿನಲ್ಲಿ, ಬೇರೆಲ್ಲೂ ಇಲ್ಲದ ಕಡೆ, ಹೆಬ್ಬೆರಳಿನ ಗಾತ್ರದ ಏಳೆಂಟು ಕಲ್ಲಿನ ಚೂರು. ಒಂದರ ಬೆನ್ನಿಗೊಂದು ಕಚ್ಚಿಸಿ, ಬೆಣೆಯ ಹಾಗೆ ಒಳಗೆ ತುರುಕಿದ್ದವು. ಸೀಗಡಿ ಹಾಗೆ ಜೋಡಿಸುವುದಿಲ್ಲ.

ಮಗ ಪಕ್ಕದಲ್ಲೇ ನಿಂತಿದ್ದ. 'ಅದು ಅಜ್ಜ ಹಾಕಿದ್ದು. ದಿನಾ ಬೆಳಿಗ್ಗೆ ಹಾಕ್ತಿದ್ದ. ಶೆಟ್ಲಿ ತೋಡ್ತು, ಅಜ್ಜ ತುಂಬ್ತಿದ್ದ. ನೀ ಬೈದ್ಮೇಲೆ ಬಿಟ್ಟ.'

'ನಂಗೆ ಯಾಕೆ ಹೇಳ್ಲಿಲ್ಲ?'

'ಅಜ್ಜ ಹೇಳ್ದ. ನೀ ಕಾಲಲ್ಲಿದ್ದೆ.'

ಯಾವ ಕಾಲು ಎಂದು ಹುಡುಕಿ ನೋಡುವ ಧೈರ್ಯ ಆಗಲಿಲ್ಲ. ನೆನಪಿದೆ, ಹೆಡ್‌ಫೋನಿನ ಒಂದು ಕಿವಿ ಎತ್ತಿ 'ಹಾಂ ಅಪ್ಪ, ಆಮೇಲೆ' ಎಂದದ್ದು. ಅಂಥ ಎಷ್ಟೋ 'ಆಮೇಲೆ'ಗಳಿದ್ದವು.

ಆವತ್ತು ಸಂಜೆ ಅಪ್ಪ ಊರಿಗೆ ಹೋಗುವ ಮಾತೆತ್ತಿದ. ಸಿಟ್ಟಿನಿಂದಲ್ಲ. ಅಘನಾಶಿನಿಯ ಗಜನಿ ಬಹುಪಾಲು ಪಾಳು, ಉಳಿದದ್ದು ಸೀಗಡಿ ಕೆರೆ, ಮನೆಯಲ್ಲಿ ಯಾರಿಲ್ಲ. ಆದರೂ ಹೋಗುತ್ತೇನೆಂದ. ಹೆಂಡತಿ ಜಾಣೆ. 'ಅತ್ತೆಗೆ ರಾಮೇಶ್ವರದ ಹರಕೆ ಇತ್ತಲ್ವಾ ಮಾವ, ಇಷ್ಟು ಹತ್ರ ಇದ್ದು ಹೋಗದೇ ಇರೋದಾ?' ಎಂದಳು. ಚೆನ್ನೈಯಿಂದ ರಾಮೇಶ್ವರ ಹತ್ತಿರವೇನಲ್ಲ, ಆದರೆ ಅಪ್ಪನಿಗೆ ಅದು ಗೊತ್ತಿರಲಿಲ್ಲ.

ಫೆಬ್ರವರಿಯಲ್ಲಿ ಹೋದೆವು. ಪಾಂಬನ್ನಿನ ಹಳೇ ರೈಲು ಸೇತುವೆ ಮುಚ್ಚಿ, ಹೊಸದು ಇನ್ನೂ ಮುಗಿಯದ ಕಾಲ. ರೈಲಿಳಿದು ಕಾರಿನಲ್ಲಿ ಸಮುದ್ರ ದಾಟಿದೆವು. ರೈಲಿನಲ್ಲಿ ಎಲ್ಲರೂ ಮಲಗಿದ ಮೇಲೆ, 'ಅಪ್ಪ, ಆವತ್ತು ರಾತ್ರಿ ನಾನು' ಎಂದು ಶುರುಮಾಡಿದೆ. ಅಪ್ಪ ಕಿಟಕಿಯ ಹೊರಗೆ ನೋಡುತ್ತ, 'ಶೆಟ್ಲಿ ಬದುಕಿದ್ಯಲ್ಲ' ಎಂದ. ನನ್ನ ಕ್ಷಮಾಪಣೆ ಅಲ್ಲಿಗೇ ನಿಂತಿತು. ಈವರೆಗೂ ಅಲ್ಲೇ ನಿಂತಿದೆ.

ರಾಮೇಶ್ವರದ ಗುಡಿಯೊಂದರಲ್ಲಿ ತೇಲುವ ಕಲ್ಲುಗಳನ್ನು ತೊಟ್ಟಿಯಲ್ಲಿ ಬಿಟ್ಟು ತೋರಿಸುತ್ತಾರೆ. ರಾಮಸೇತುವಿನ ಕಲ್ಲೆಂದು ಜನ ಕೈಮುಗಿದು ಮುಟ್ಟುತ್ತಾರೆ. ಅಪ್ಪನೂ ಮುಟ್ಟಿದ. ನನ್ನ ಕಡೆ ತಿರುಗಿ, 'ಅವ್ನ ಕಲ್ಲು ತೇಲ್ತು ನೋಡು ತಮಾ. ನಿನ್ನ ಕಲ್ಲು ಗಾಜು ಒಡೀತು' ಎಂದ. ಅಮ್ಮ ಹೋದ ಮೇಲೆ ಅವನ ಬಾಯಿಂದ ಬಂದ ಮೊದಲ ತಮಾಷೆ ಅದು. ಹೆಂಡತಿ ಎಷ್ಟು ಜೋರಾಗಿ ನಕ್ಕಳೆಂದರೆ ಪೂಜಾರಿ ತಿರುಗಿ ನೋಡಿದರು.

ಮರುದಿನ ಧನುಷ್ಕೋಡಿ. 1964ರ ಡಿಸೆಂಬರಿನ ಚಂಡಮಾರುತ ಒಂದೇ ರಾತ್ರಿಯಲ್ಲಿ ಅಳಿಸಿಹಾಕಿದ ಊರು, ಪ್ರಯಾಣಿಕರಿದ್ದ ರೈಲನ್ನೇ ನೀರು ಎಳೆದುಕೊಂಡ ಜಾಗ. ಅಲ್ಲೊಂದು ಚರ್ಚಿನ ಗೋಡೆ ಉಳಿದಿದೆ, ಮಾಡಿಲ್ಲ. ಮಗ ಫೋಟೋ ತೆಗೆಯುತ್ತಿದ್ದ. ಅಪ್ಪ ಎಂದಿನಂತೆ ಗೋಡೆ ಕಟ್ಟಿದ್ದು ಹೇಗೆ ಎಂದು ನೋಡಲು ಹತ್ತಿರ ಹೋದ. ಅಂಗೈಯಿಟ್ಟು ಸವರಿದ. 'ಇದು ನಿನ್ನ ಆ ದೊಡ್ಡ ಕಲ್ಲಲ್ದನ?'

ಹೌದು. ಗಾರೆ ಉದುರಿದ ಕಡೆಯೆಲ್ಲ ಜೇನುಗೂಡಿನ ವಿನ್ಯಾಸ, ಹೂವಿನಂಥ ಚಕ್ರ, ಮಿದುಳಿನಂಥ ಸುರುಳಿ. ಇಡೀ ಗೋಡೆ ಹವಳದ ಕಲ್ಲು. ಸಮುದ್ರದಿಂದ ಕಿತ್ತು, ಇಟ್ಟಿಗೆಯ ಹಾಗೆ ಕಡಿದು ಕಟ್ಟಿದ್ದು. ಮನ್ನಾರ್ ಕೊಲ್ಲಿಯ ಈ ಕರಾವಳಿಯಲ್ಲಿ ತಲೆಮಾರುಗಟ್ಟಲೆ ಕಟ್ಟಡಕ್ಕೂ ಸುಣ್ಣಕ್ಕೂ ಹವಳ ತೆಗೆದರು. ಕೊಲ್ಲಿಯ 21 ದ್ವೀಪಗಳಲ್ಲಿ ಎರಡು ಈಗ ನೀರಿನಡಿಗೆ ಹೋಗಿವೆ. ಅಲೆ ತಡೆಯುತ್ತಿದ್ದ ಹವಳದ ದಿಬ್ಬ ಅಗೆದದ್ದು ಅದಕ್ಕೊಂದು ಮುಖ್ಯ ಕಾರಣ. ಅಪ್ಪನಿಗೆ ನಾನು ಇಷ್ಟನ್ನು ಹೇಳಿದಾಗ ಅವನಿಗೆ ಆಶ್ಚರ್ಯವಾಗಲಿಲ್ಲ. 'ನಮ್ಮಲ್ಲಿ ಬಳಚಿನ ಚಿಪ್ಪು ತೆಗ್ದು ಸುಟ್ರು, ಇಲ್ಲಿ ಇದನ್ನ ತೆಗ್ದ್ರು' ಎಂದಷ್ಟೇ ಹೇಳಿದ. ಆಮೇಲೆ ಕಾರಿನಲ್ಲಿ ಬಹಳ ಹೊತ್ತಿನ ನಂತರ ಕೇಳಿದ, 'ನಿಂಗೆ ಅದನ್ನ ಕೊಟ್ಟವ್ನಿಗೆ ಯಾರು ಕೊಟ್ರು?'

ಗಟ್ಟಿ ಹವಳಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಹುಲಿ, ಆನೆ ಇರುವ ಪಟ್ಟಿ. ನನಗೆ ಇದು ಹೊಸದಾಗಿ ಗೊತ್ತಾದ್ದಲ್ಲ. ಹವ್ಯಾಸಿಗಳಲ್ಲಿ ಎಲ್ಲರಿಗೂ ಗೊತ್ತು, ಯಾರೂ ಜೋರಾಗಿ ಹೇಳುವುದಿಲ್ಲ. ಹುಲಿಯ ಉಗುರು ಮನೆಯಲ್ಲಿಟ್ಟುಕೊಂಡವರ ಬಗ್ಗೆ ಸುದ್ದಿ ಬಂದಾಗ ಛೀ ಎಂದಿದ್ದೇನೆ. ನನ್ನ ಹಾಲಿನ ಡ್ರಮ್ಮಿನಲ್ಲಿ ಅದೇ ಪಟ್ಟಿಯ ಪ್ರಾಣಿಯ ಎಲುಬು ನಾಲ್ಕು ಕಿಲೋ ಇತ್ತು.

ವಾಪಸ್ ಸಮುದ್ರಕ್ಕೆ ಹಾಕುವಂತಿಲ್ಲ, ತೊಟ್ಟಿಯ ರೋಗ, ಹೊರಗಿನ ಜೀವಿ ಏನೇನು ಅಂಟಿದೆಯೋ. ಮಾರುವಂತಿಲ್ಲ. ಕಸಕ್ಕೆ ಹಾಕಲು ಮನಸ್ಸಿಲ್ಲ. ಹೆಂಡತಿ 'ರೀ, ಸುಮ್ಮನೆ ಮೈಮೇಲೆ ಎಳ್ಕೊಬೇಡಿ' ಎಂದಳು. ವಕೀಲ ಗೆಳೆಯನೂ ಹಾಗೇ ಹೇಳಿದ, ಆದರೆ ಪತ್ರ ಬರೆದುಕೊಟ್ಟ. ಕಡೆಗೆ ಅರಣ್ಯ ಇಲಾಖೆಯ ಕಚೇರಿಯೊಂದಕ್ಕೆ ಕಲ್ಲನ್ನು ಬಕೆಟ್ಟಿನಲ್ಲಿ, ಉಪ್ಪುನೀರಿನ ಸಮೇತ ಒಯ್ದೆ. ಎದೆ ಡವಗುಟ್ಟುತ್ತಿತ್ತು. ಅಧಿಕಾರಿ ಚಿಕ್ಕ ವಯಸ್ಸಿನ ಹುಡುಗಿ, ನನ್ನ ಟೀಮಿನವರಷ್ಟೇ ಪ್ರಾಯ. ಕಲ್ಲನ್ನು ತಿರುಗಿಸಿ ನೋಡಿ, ಎಲ್ಲಿಂದ, ಯಾವಾಗ ಎಂದು ಬರೆದುಕೊಂಡು, ಇನ್ನೊಮ್ಮೆ ಕೊಂಡರೆ ಹೀಗೆ ಮಾತಾಡುವುದಿಲ್ಲ ಎಂದು ಹೇಳಿ ಸಹಿ ಹಾಕಿಸಿಕೊಂಡಳು. ಬಕೆಟ್ ವಾಪಸ್ ಕೊಟ್ಟಳು. ಕೊಟ್ಟವರ ಹೆಸರು ಹೇಳಿದೆನೇ ಎಂದು ಹವ್ಯಾಸಿ ಗೆಳೆಯರು ಆಮೇಲೆ ಕೇಳಿದರು. ಹೇಳಿದೆ. ಇಬ್ಬರು ಈಗ ನನ್ನೊಡನೆ ಮಾತಾಡುವುದಿಲ್ಲ.

ಹೊಸ ತೊಟ್ಟಿ ಮಾರ್ಚಿನಲ್ಲಿ ಬಂತು, ತಳಕ್ಕೆ 12 ಮಿಲಿಮೀಟರ್ ಗಾಜು. ಮಾಮಿಯ ಸೀಲಿಂಗಿಗೆ ಬಣ್ಣ ಹೊಡೆಸಿಕೊಟ್ಟಾಗಿತ್ತು. ಮುಂದೆ ಏನೆಂದು ಅಪ್ಪನನ್ನೇ ಕೇಳಿದೆ. ಅವನು ಎರಡು ದಿನ ಕಲ್ಲು ಮುಟ್ಟಲಿಲ್ಲ. ರಟ್ಟಿನ ಡಬ್ಬ ಬಿಚ್ಚಿ ತೊಟ್ಟಿಯ ತಳದ ಅಳತೆಗೆ ಕತ್ತರಿಸಿ ನೆಲಕ್ಕೆ ಹಾಸಿಸಿದ. ಸುತ್ತ ನಾಲ್ಕು ಬೆರಳು ಬಿಟ್ಟು ಗೆರೆ ಎಳೆಸಿದ. ಗಾಜು ಉಜ್ಜಲು ಕೈ ಹೋಗಬೇಕಲ್ಲ ಎಂದು ನಾನು ಹೇಳುವ ಮೊದಲೇ. ಆಮೇಲೆ ಒದ್ದೆ ಗೋಣಿಚೀಲದ ಮೇಲೆ ಕಲ್ಲುಗಳನ್ನೆಲ್ಲ ಹರಡಿ, ಸ್ಟೂಲಿನ ಮೇಲೆ ಕೂತು ನೋಡಿದ. ಹಳೇ ಕಲ್ಲುಗಳ ಮೇಲೆ ಮಗ ಗಂಟೆಗೊಮ್ಮೆ ಉಪ್ಪುನೀರು ಚಿಮುಕಿಸಬೇಕು, ಬಾಡಿಗೆದಾರರು ಸಾಯಬಾರದು.

'ಕಲ್ಲಿಗೆ ಮುಖ ಇರ್ತದೆ, ಬೆನ್ನು ಇರ್ತದೆ, ಹೊಟ್ಟೆ ಇರ್ತದೆ. ಹೊಟ್ಟೆ ಯಾವ್ದು ಅಂತ ಮೊದ್ಲು ನೋಡು' ಎಂದ. ಹೊಟ್ಟೆ ಕೆಳಗೆ ಮಾಡಿ ಇಟ್ಟು ಹೆಬ್ಬೆರಳಿನಿಂದ ಮೂರು ಕಡೆ ಒತ್ತುತ್ತಿದ್ದ. ಅಲ್ಲಾಡಿದರೆ ತಿರುಗಿಸು. ನಾಲ್ಕು ಕಾಲಿನ ಮೇಜು ಡೊಗರು ನೆಲದಲ್ಲಿ ಕುಂಟುತ್ತದೆ, ಮೂರು ಕಾಲಿನ ಸ್ಟೂಲು ಕುಂಟುವುದಿಲ್ಲ. ಮೂರು ಬಿಂದುಗಳಿಗೆ ಯಾವಾಗಲೂ ಒಂದು ಸಮತಲ ಇರುತ್ತದೆ ಎಂದು ನನಗೆ ಕಾಲೇಜಿನಲ್ಲಿ ಕಲಿಸಿದ್ದರು. ಅಪ್ಪ ಪ್ರತಿ ಕಲ್ಲಿಗೂ ಮೂರು ಕಾಲು ಸಿಗುವ ತನಕ ಬಿಡಲಿಲ್ಲ. ಸಿಗದಿದ್ದರೆ ನಾನು ಡ್ರಿಲ್ಲಿನಿಂದ ಒಂದಿಷ್ಟು ಕೆರೆದು ಕೊಡಬೇಕು. ಫೈಬರ್ ಕಡ್ಡಿ ತೂರಿಸಿ ಎಪಾಕ್ಸಿ ಹಾಕಿಬಿಡೋಣ, ಬೇಗ ಆಗುತ್ತದೆ ಎಂದರೆ, 'ಅಂಟು ಆಮೇಲೆ. ಅಂಟಿಲ್ದೆ ನಿಂತ್ಕಳ್ಳಿ ಮೊದ್ಲು.'

ಜಗಳವೂ ಆಯಿತು. ಅವನಿಗೆ ಒಡ್ಡಿನ ಹಾಗೆ ಹಿಂದಿನ ಗಾಜಿಗೆ ತಾಗಿ ಉದ್ದಕ್ಕೆ ಬೇಕು. ನನಗೆ ಎರಡು ಬೇರೆ ಬೇರೆ ದ್ವೀಪ, ನಡುವೆ ಖಾಲಿ ಜಾಗ. ಮಗನಿಗೆ ಗುಹೆ. ಹಿಂದೆ ಗಾಜಿಗೆ ತಾಗಿಸಿದರೆ ನೀರು ಓಡಾಡದೆ ಕೊಳೆ ನಿಲ್ಲುತ್ತದೆ ಎಂದು ಪಂಪಿನ ಹರಿವಿನ ಚಿತ್ರ ಬರೆದು ತೋರಿಸಿದೆ. ಅಪ್ಪ ಚಿತ್ರ ನೋಡಲಿಲ್ಲ, ಆದರೆ ಮಾತು ಒಪ್ಪಿದ. 'ಅದು ಹೌದು ಮಾರಾಯ. ನೀರಿಗೆ ದಾರಿ ಬಿಡ್ಬೇಕು. ಬಿಡದಿದ್ರೆ ಅದೇ ಮಾಡ್ಕಳ್ತದೆ.' ಗಜನಿಯಲ್ಲಿ ಏಡಿ ತೋಡಿದ ಒಂದು ಬಿಲದಿಂದ ಇಡೀ ಒಡ್ಡು ಕೊಚ್ಚಿಹೋದ ವರ್ಷದ ಕತೆ ಆಗ ಬಂತು. ನಾನು ಎರಡನೇ ಕ್ಲಾಸಿನಲ್ಲಿದ್ದೆನಂತೆ, ಆ ವರ್ಷ ನಮ್ಮ ಮನೆಯಲ್ಲಿ ಕಗ್ಗದಕ್ಕಿ ಇರಲಿಲ್ಲವಂತೆ. ನನಗೆ ನೆನಪಿರುವುದು ಆ ವರ್ಷ ರೇಷನ್ ಅಕ್ಕಿಯ ಅನ್ನ ಸೇರುತ್ತಿರಲಿಲ್ಲ ಎಂಬುದು ಮಾತ್ರ.

ಊರಿನ ಮನೆಯ ಪಾಗಾರದಿಂದ ಒಂದು ಚಿರೆಕಲ್ಲು ತರಿಸಿ ಹಾಕಬಹುದೇ ಎಂದು ಒಮ್ಮೆ ಕೇಳಿದ. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ, ನೀರಿಗೆ ಬಿಟ್ಟರೆ ಪಾಚಿ ಏಳುತ್ತದೆ ಎಂದೆ. 'ಓ' ಎಂದು ಸುಮ್ಮನಾದ. ಅಷ್ಟೊಂದು ಖಚಿತವಾಗಿ ಹೇಳಬೇಕಿರಲಿಲ್ಲ ಎಂದು ಆಮೇಲೆ ಅನ್ನಿಸಿತು, ಆದರೆ ಹೇಳಿದ್ದು ಸುಳ್ಳೇನಲ್ಲ.

ಈ ಸಲ ಮೊದಲು ತಳದ ಗಾಜಿನ ಮೇಲೆ ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ಕಲ್ಲು, ಕೊನೆಗೆ ಮರಳು. ಸೀಗಡಿ ಎಷ್ಟು ತೋಡಿದರೂ ಕಲ್ಲು ಕೂತದ್ದು ಗಾಜಿನ ಮೇಲೆ. ಅದಕ್ಕೆಂದೇ ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡೊಂದನ್ನು ಬುಡದಲ್ಲಿ ಮೊದಲೇ ಹುಗಿದು ಮನೆ ಕಟ್ಟಿಕೊಟ್ಟೆವು. ಕಲ್ಲು 24 ಕಿಲೋದಿಂದ 15ಕ್ಕೆ ಇಳಿಯಿತು. ನೆಲದ ಮೇಲೆ ಗಟ್ಟಿಯಾಗಿ ನಿಂತದ್ದನ್ನು ತೊಟ್ಟಿಗಿಳಿಸಿ ನೀರು ತುಂಬಿ ಪಂಪು ಹಾಕಿದಾಗ ಬಲಗಡೆಯ ಮೇಲಿನ ಕಲ್ಲು ಸಣ್ಣಗೆ ತೂಗತೊಡಗಿತು. ನಾನು ಗಾಬರಿಯಾದೆ. ಅಪ್ಪನಿಗೆ ಅದು ಗೊತ್ತಿದ್ದದ್ದೇ. 'ನೀರಲ್ಲಿ ಕಲ್ಲು ಹಗುರ. ಭಾರ ನಂಬಬೇಡ, ಕಚ್ಚು ನಂಬು.' ಐದು ಕಿಲೋದ ಸುಣ್ಣದ ಕಲ್ಲು ನೀರಿನಲ್ಲಿ ಮೂರು ಕಿಲೋದಷ್ಟೇ ತೂಗುತ್ತದೆ. ಆರ್ಕಿಮಿಡೀಸನ ಲೆಕ್ಕ ನಾನು ಪರೀಕ್ಷೆಯಲ್ಲಿ ಬರೆದಿದ್ದೆ, ತೊಟ್ಟಿಗೆ ಹಾಕಿ ನೋಡಿರಲಿಲ್ಲ. ಅಪ್ಪ ಸೋಪಿನಿಂದ ಮೊಣಕೈ ತನಕ ತೊಳೆದು, ನನ್ನ ಮೂಗಿನ ಹತ್ತಿರ ಹಿಡಿದ. ಎಣ್ಣೆಯ ವಾಸನೆ ಇದೆಯೇ ನೋಡು ಎಂಬಂತೆ. ನಾನು ತಲೆ ತಗ್ಗಿಸಿದೆ. ಅವನು ಕೈ ಇಳಿಸಿ, ಕಲ್ಲಿನ ಹಿಂಬದಿಯ ಸಂದಿಯಲ್ಲಿ ಒಂದು ಚಕ್ಕೆ ಕಚ್ಚಿಸಿ, ಎರಡು ಸಲ ಒತ್ತಿದ. ನಿಂತಿತು. ಅಂಟು ಹಾಕಿದ್ದು ಆಮೇಲೆ, ಎರಡೇ ಕಡೆ.

ಅಮೋನಿಯಾ ಏರಿ ಇಳಿಯಿತು, ಅದರ ಹಿಂದೆ ನೈಟ್ರೈಟ್. ಐದನೇ ವಾರ ಎರಡೂ ಸೊನ್ನೆ. ಮೀನುಗಳು ಡ್ರಮ್ಮಿನಿಂದ ಮನೆಗೆ ಬಂದವು. ಸೀಗಡಿ ನಾವು ಹುಗಿದ ಪೈಪಿಗೆ ಒಂದು ದಿನ ಹೋಗಿ ನೋಡಿ, ಇಷ್ಟವಾಗದೆ ಪಕ್ಕದಲ್ಲೇ ಬೇರೆ ತೋಡಿಕೊಂಡಿತು. ಕಲ್ಲೆಲ್ಲ ಕಂದು ಬಣ್ಣದ ಪಾಚಿ ಹತ್ತಿ ನೋಡಲು ಅಸಹ್ಯವಾಗಿದ್ದ ಹೊತ್ತಿಗೆ, ಮೇ ತಿಂಗಳ ಕೊನೆಗೆ, ಅಪ್ಪ ಊರಿಗೆ ಹೊರಟ. ಮಳೆ ಹಿಡಿಯುವ ಮುಂಚೆ ಮನೆಯ ಹಂಚು ಕೈಯಾಡಿಸಬೇಕಂತೆ. ತಡೆಯಲು ಏನೇನೋ ಹೇಳಿದೆವು. ಮೂರು ತಿಂಗಳಿಗೆ ಬರುತ್ತೇನೆ ಎಂದವನು ಇನ್ನೂ ಬಂದಿಲ್ಲ.

ಭಾನುವಾರ ವಿಡಿಯೋ ಕಾಲ್ ಮಾಡುತ್ತಾನೆ. ನನ್ನ ಮುಖ, ಮಗನ ಮುಖ ಒಂದು ನಿಮಿಷ, ಆಮೇಲೆ ತೊಟ್ಟಿ. ಮೊನ್ನೆ 'ಹಿಂದಿನ ಬದಿ ತೋರ್ಸು' ಎಂದ. ಹಿಂದೆ ಗೋಡೆ, ಇರುವುದು ಮೂರೇ ಇಂಚು. ಫೋನನ್ನು ಸಂದಿಗೆ ತೂರಿಸಿ, ಕನ್ನಡಿಯಲ್ಲಿ ನೋಡಿಕೊಂಡ ಹಾಗೆ ಅಂದಾಜಿನಲ್ಲಿ ತಿರುಗಿಸಿದೆ. ಅವನು ಕಚ್ಚಿಸಿದ ಚಕ್ಕೆಯ ಮೇಲೆ ನೇರಳೆ ಬಣ್ಣದ ಪೊರೆ ಹಬ್ಬಿತ್ತು, ಸುಣ್ಣದ ಪಾಚಿ ಅದು, ಕೋರಲೈನ್ ಎನ್ನುತ್ತಾರೆ. ಚಕ್ಕೆ ಎಲ್ಲಿ ಮುಗಿದು ಕಲ್ಲು ಎಲ್ಲಿ ಶುರುವಾಗುತ್ತದೆ ಎಂದು ನನಗೆ ಗೊತ್ತಾಗಲಿಲ್ಲ. ಅಪ್ಪನಿಗೆ ಗೊತ್ತಾಯಿತು.

'ಅಲ್ಲಾಡ್ತದ ನೋಡು.'

ಫೋನು ಮಗನ ಕೈಗೆ ಕೊಟ್ಟು, ತೋಳು ಮಡಚಿ ಕೈ ಇಳಿಸಿದೆ.

'ಕೈ ತೊಳ್ದಿದ್ಯನ?' ಎಂದು ಫೋನಿನೊಳಗಿಂದ ಕೇಳಿತು.